ಮಡಿಕೇರಿ ಕೋಟೆಗೆ ಬೆಳ್ಳಾರೆಯ ದಾರಿಯಾಗಿ ಹೋಗಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಪ್ರವಾಸದ ಜವಾಬ್ದಾರಿ ಹೊತ್ತಿರುವ ಮಾಷ್ಟ್ರುಗಳಿಗೂ ಟೀಚರುಗಳಿಗೂ ಒಂದು ಮಾತು.

ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ಪ್ರವಾಸದ ಮಾತು ಏಳುತ್ತದೆ. ಬಹಳ ವರ್ಷ ನಾನೂ ಆ ಮೇಜಿನ ಸುತ್ತ ಕೂತವನೇ. ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ನಮ್ಮ ಕಡೆ ಮಡಿಕೇರಿಯ ಹೆಸರು ಬಾರದೆ ಇರುವುದಿಲ್ಲ. ನೋಡುವ ಜಾಗಗಳ ಪಟ್ಟಿಯೂ ಎಲ್ಲರಿಗೂ ಬಾಯಿಪಾಠ: ಅಬ್ಬಿ ಜಲಪಾತ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್, ಹೊತ್ತು ಉಳಿದರೆ ನಿಸರ್ಗಧಾಮವೋ ದುಬಾರೆಯೋ. ಕೋಟೆಯೂ ಪಟ್ಟಿಯಲ್ಲಿ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಪಾಲಿಗೆ ಬರುವುದು ಊಟ ಮುಗಿದ ಮೇಲಿನ ಅರ್ಧ ಗಂಟೆ. ಗಾರೆಯ ಆನೆಗಳ ಮುಂದೆ ಒಂದು ಗುಂಪು ಫೋಟೊ, ಪಿ.ಟಿ. ಮಾಷ್ಟ್ರ ಸೀಟಿ, ಮತ್ತೆ ಬಸ್ಸು.

ಈ ವರ್ಷ ಆ ಕ್ರಮವನ್ನು ತಿರುಗಿಸಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ. ಬೆಳಗ್ಗೆ ಮೊದಲು ಕೋಟೆಗೇ ಹೋಗಿ. ಹೋಗುವಾಗ ಬೆಳ್ಳಾರೆಯಲ್ಲಿ ಬಸ್ಸು ನಿಲ್ಲಿಸಿ. ಜಲಪಾತ ತಪ್ಪಿಹೋದರೆ ಹೋಗಲಿ ಬಿಡಿ, ಮಳೆಗಾಲದಲ್ಲಿ ನಮ್ಮೂರ ಪ್ರತಿ ಗುಡ್ಡದಲ್ಲೂ ಒಂದು ಇರುತ್ತದೆ.

ಮಡಿಕೇರಿ ಕೋಟೆಯನ್ನು ನಾವು ಘಟ್ಟದ ಮೇಲಿನವರ ಕೋಟೆ, ಕೊಡಗಿನವರ ಕೋಟೆ ಎಂದು ನೋಡಲು ಹೋಗುತ್ತೇವೆ. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಅದು ತಮ್ಮದೇ ಅರಸನ ಕೋಟೆ. ಅಮರಸುಳ್ಯ, ಬೆಳ್ಳಾರೆ, ಪಂಜ ಸೀಮೆಗಳು ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದವು. ಅವುಗಳಲ್ಲಿ ಒಂದಿಷ್ಟು ಹೈದರನ ಕಾಲದಲ್ಲಿ ಅವರ ಕೈಸೇರಿದ್ದು. ಉಳಿದದ್ದು ಟಿಪ್ಪು ಸತ್ತ ಮೇಲೆ, ಯುದ್ಧದಲ್ಲಿ ನೆರವಾದುದಕ್ಕೆಂದು ಈಸ್ಟ್ ಇಂಡಿಯಾ ಕಂಪನಿಯವರು ದೊಡ್ಡವೀರರಾಜೇಂದ್ರನಿಗೆ ಬಿಟ್ಟುಕೊಟ್ಟದ್ದು. ನಮ್ಮ ಗದ್ದೆಯ ಕಂದಾಯದ ಲೆಕ್ಕ, ನಮ್ಮ ತಂಟೆ ತಕರಾರುಗಳ ಕೊನೆಯ ತೀರ್ಪು, ಎಲ್ಲದಕ್ಕೂ ಮುಖ ಮಾಡಬೇಕಾದ್ದು ಘಟ್ಟದ ಮೇಲಿನ ಆ ಗುಡ್ಡದ ಕಡೆಗೆ. ಮಂಗಳೂರಿನ ಕಡೆಗೆ ತಿರುಗಿ ನೋಡುವ ಅಭ್ಯಾಸ ನಮಗೆ ಆಮೇಲೆ ಬಂತು.

ಹೇಗೆ ಬಂತು ಎಂಬುದೇ ಮಕ್ಕಳಿಗೆ ಹೇಳಬೇಕಾದ ಕಥೆ. 1834ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಸರನ ಸೇನೆ ಮಡಿಕೇರಿ ಕೋಟೆಯನ್ನು ಹೊಕ್ಕಿತು. ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡ. ಮೇ ತಿಂಗಳಲ್ಲಿ ಕೊಡಗು ಕಂಪನಿಯದಾಯಿತು. ಅರಸ ಕಾಶಿಗೆ ಹೋದ, ಅಲ್ಲಿಂದ ಲಂಡನ್ನಿಗೆ ಹೋದ, ಅಲ್ಲೇ ತೀರಿಕೊಂಡ. ಅವನ ಮಗಳು ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಈ ಭಾಗ ಮಾಸ್ತಿಯವರ ಕಾದಂಬರಿ ಓದಿದವರಿಗೆ, ಓದದವರಿಗೆ, ಅಂತೂ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಘಟ್ಟದ ಕೆಳಗೆ ನಡೆದದ್ದು. ಕಂಪನಿಯವರು ನಮ್ಮ ಸೀಮೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮೇಲೆ ನಗದಾಗಿ ಕಟ್ಟಬೇಕು ಎಂದರು. ಪಣತದಲ್ಲಿ ಭತ್ತವಿದ್ದೂ ಕೈಯಲ್ಲಿ ಕಾಸಿಲ್ಲದವನ ಪಾಡು ಏನಾಗುತ್ತದೆ ಎಂದು ಕೃಷಿಕರ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಧಾರಣೆ ಬಿದ್ದ ವರ್ಷ ಮನೆಯಲ್ಲಿ ಏನು ಮಾತು ನಡೆಯುತ್ತದೆ ಎಂದು ಕೇಳಿ ನೋಡಿ, ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ.

ಈ ಕಂದಾಯದ ಸಿಟ್ಟಿನಿಂದ ಎದ್ದ ಅಮರಸುಳ್ಯದ ಬಂಡಾಯ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇದೆ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಇವರ ನಡುವೆ ಒಂದು ಸಣ್ಣ ಭಾಗ. ರಾಯಣ್ಣನ ನಾಡಿಗೆ ನಮ್ಮ ಮಕ್ಕಳನ್ನು ಕರೆದೊಯ್ಯುವುದಕ್ಕೆ ಎರಡು ದಿನ ಬೇಕು. ಇದಾದರೋ ನಿಮ್ಮ ಶಾಲೆಯ ಹಿಂದಿನ ಗದ್ದೆಯಲ್ಲಿ ನಡೆದದ್ದು. ಆದರೂ ನೋಟ್ಸಿನಲ್ಲಿ ಅದು ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ, ಉತ್ತರವೂ ರಾಯಚೂರಿನ ಹುಡುಗ ಬರೆಯುವ ಉತ್ತರವೇ.

ಆದ್ದರಿಂದ ಬೆಳ್ಳಾರೆ. ಪುತ್ತೂರಿನವರು ಸುಳ್ಯಕ್ಕೆ ನೇರ ಹೆದ್ದಾರಿಯಲ್ಲಿ ಹೋಗುವ ಬದಲು ಸವಣೂರಿನ ದಾರಿ ಹಿಡಿದರೆ ಬೆಳ್ಳಾರೆ ಸಿಗುತ್ತದೆ. ಕಡಬದವರಿಗೆ ಪಂಜ, ನಿಂತಿಕಲ್ಲು ದಾಟಿ ಬಂದರಾಯಿತು. ಸುಳ್ಯದವರು ಮಾತ್ರ ಒಂದಿಷ್ಟು ಹಿಂದಕ್ಕೆ ಬರಬೇಕು, ಡ್ರೈವರು ಗೊಣಗಬಹುದು, ಗೊಣಗಲಿ. ಪೇಟೆಯ ಮೇಲಿನ ಬಂಗ್ಲೆಗುಡ್ಡೆಗೆ ಮಕ್ಕಳನ್ನು ಹತ್ತಿಸಿ. 1837ರ ಮಾರ್ಚ್ 30ರಂದು ರೈತರು ಕೈಹಾಕಿದ ಕಂಪನಿಯ ಖಜಾನೆ ಇದ್ದದ್ದು ಬೆಳ್ಳಾರೆಯಲ್ಲಿ. ಮುಂದೆ ನಿಂತವರು ಉಬರಡ್ಕದ ಕೆದಂಬಾಡಿ ರಾಮಯ್ಯ ಗೌಡರು. ಮದುವೆಯ ನೆಪದಲ್ಲಿ ಜನ ಸೇರಿಸಿದರು ಎಂಬುದು ಆ ಊರಿನಲ್ಲಿ ಇಂದಿಗೂ ಕೇಳಿಬರುವ ಮಾತು. ನನಗಂತೂ ಆ ಮಾತಿನ ಮೇಲೆ ಪ್ರೀತಿ. ಸಾವಿರ ಜನ ಒಂದು ಕಡೆ ಕೂಡಿದರೂ ಸರಕಾರಕ್ಕೆ ಸಂಶಯ ಬಾರದಿರಬೇಕಾದರೆ ನಮ್ಮ ಕಡೆ ಮದುವೆಯೋ ನೇಮವೋ ಆಗಬೇಕು, ಬೇರೆ ದಾರಿಯಿಲ್ಲ.

ಬೆಳ್ಳಾರೆಯಿಂದ ದಂಡು ಪುತ್ತೂರಿನತ್ತ ಬಂತು. ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಸೇರಿತು. ಈಗ ಬಾವುಟಗುಡ್ಡೆ ಎಂದು ಕರೆಯುವ ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿಯಿತು. ಕಲೆಕ್ಟರ್ ಲೆವಿನ್ ಮತ್ತವನ ಕಡೆಯವರು ಊರು ಬಿಟ್ಟರು. 13 ದಿನ ಮಂಗಳೂರು ನಮ್ಮವರ ಕೈಯಲ್ಲಿತ್ತು ಎಂಬುದು ವಾಡಿಕೆಯ ಲೆಕ್ಕ. ಆಮೇಲೆ ಕಣ್ಣೂರಿನಿಂದ ಪಡೆ ಬಂತು, ಎಲ್ಲ ಮುಗಿಯಿತು. ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಮಂಗಳೂರಿಗೆ ಬಟ್ಟೆ ಕೊಳ್ಳಲು ಹೋದ ನಮ್ಮವರು ಅದರ ಕೆಳಗಿನಿಂದಲೇ ರಿಕ್ಷಾದಲ್ಲಿ ದಾಟಿಹೋಗುತ್ತಾರೆ.

ಇನ್ನು ಸುಳ್ಯದಿಂದ ಮೇಲಕ್ಕೆ. ಅರಂತೋಡು, ಸಂಪಾಜೆ, ಕೊಯನಾಡು, ಜೋಡುಪಾಲ, ಮದೆನಾಡು. ಸಂಪಾಜೆಯಲ್ಲಿ ಜಿಲ್ಲೆ ಬದಲಾಗುತ್ತದೆ ಎಂಬ ಫಲಕ ಬರುತ್ತದೆ. ಫಲಕ ಕಂಡ ಕೂಡಲೇ ಮಕ್ಕಳು ಹೋ ಎಂದು ಕೂಗುತ್ತಾರೆ, ಏಕೆಂದು ಯಾರಿಗೂ ತಿಳಿಯದು. ಆ ಕೂಗು ನಿಂತ ಮೇಲೆ ಹೇಳಿ, ಈ ಗೆರೆ ಎಳೆದದ್ದೇ ಕಂಪನಿಯ ಕಾಲದಲ್ಲಿ ಎಂದು. ಗೆರೆಯ ಆಚೆಗೂ ಈಚೆಗೂ ಒಂದೇ ಅರೆಭಾಷೆ, ಒಂದೇ ಮನೆತನದ ಹೆಸರುಗಳು. ಅರೆಭಾಷೆ ಅಕಾಡೆಮಿಯ ಕಚೇರಿ ಇರುವುದು ಮಡಿಕೇರಿಯಲ್ಲಿ, ಆ ಭಾಷೆಯಲ್ಲಿ ಮನೆಮಾತು ಆಡುವವರು ನಿಮ್ಮ ಬಸ್ಸಿನ ಅರ್ಧದಷ್ಟಾದರೂ ಇರಬಹುದು. ಜೋಡುಪಾಲ, ಮದೆನಾಡುಗಳಲ್ಲಿ 2018ರ ಆಗಸ್ಟಿನ ಭೂಕುಸಿತದ ಗಾಯ ಬೆಟ್ಟದ ಮೈಯಲ್ಲಿ ಕಾಣುತ್ತದೆ. ಅಲ್ಲಿ ಕಥೆ ಹೇಳುವುದನ್ನು ನಿಲ್ಲಿಸಿ, ಕಿಟಕಿಯಿಂದ ನೋಡಲು ಬಿಡಿ.

ಕೋಟೆಯ ಬಾಗಿಲಲ್ಲಿ ಮೊದಲು ಗಮನಿಸಬೇಕಾದ್ದು ಬಾಗಿಲನ್ನೇ. ಪ್ರವೇಶ ಪೂರ್ವದಲ್ಲಿದೆ, ನೇರ ಒಳಗೆ ಬಿಡುವುದಿಲ್ಲ, ತಿರುಗಿ ತಿರುಗಿ ಹೋಗಬೇಕು. ನುಗ್ಗಿಬರುವ ಪಡೆಗೆ ವೇಗ ಸಿಗಬಾರದು, ಮದ್ದಾನೆಯೋ ಫಿರಂಗಿಯೋ ನೇರ ಕದಕ್ಕೆ ಬಡಿಯಬಾರದು. ಮಕ್ಕಳನ್ನು ಅಲ್ಲಿ ಓಡಲು ಬಿಟ್ಟರೆ ಪಾಠ ತಾನಾಗಿ ಆಗುತ್ತದೆ. ಒಳಗೆ ಹೋದ ಮೇಲೆ ಗೋಡೆಯ ಮೇಲೆ ಒಂದು ಸುತ್ತು ಬನ್ನಿ. ಬುರುಜಿನಿಂದ ಬುರುಜಿಗೆ ನಡೆದರೆ ಕೋಟೆ ಚೌಕವಲ್ಲ, ಆರು ಮೂಲೆಯದು, ಗುಡ್ಡದ ಆಕಾರ ಹೇಗೋ ಹಾಗೆ ಬಾಗಿದೆ ಎಂದು ಕಾಲಿಗೇ ತಿಳಿಯುತ್ತದೆ. 17ನೇ ಶತಮಾನದ ಕೊನೆಯಲ್ಲಿ ಮುದ್ದುರಾಜ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದಾಗಿ ಮಾಡಿಸಿದವನು ಟಿಪ್ಪು, ಜಾಫರಾಬಾದ್ ಎಂದು ಹೆಸರನ್ನೂ ಇಟ್ಟ. 1790ರ ಹೊತ್ತಿಗೆ ಕೋಟೆ ಮತ್ತೆ ದೊಡ್ಡವೀರರಾಜೇಂದ್ರನ ಕೈಗೆ ಬಂತು, ಆ ಹೆಸರು ಯಾರ ನಾಲಗೆಯಲ್ಲೂ ಉಳಿಯಲಿಲ್ಲ. ಒಳಗಿನ ಎರಡು ಅಂತಸ್ತಿನ ಅರಮನೆಯನ್ನು ಇಟ್ಟಿಗೆ ಗಾರೆಯಲ್ಲಿ ಈಗಿನ ರೂಪಕ್ಕೆ ತಂದವನು ಲಿಂಗರಾಜೇಂದ್ರ, 1812ರಿಂದ 1814ರ ನಡುವೆ.

ಅರಮನೆಯ ಮುಂದಿನ ಗಡಿಯಾರ ಗೋಪುರ ಮತ್ತು ಪೋರ್ಟಿಕೊ ಮಾತ್ರ ಅರಸರದಲ್ಲ. 1933ರಲ್ಲಿ ಬ್ರಿಟಿಷ್ ಕಮಿಷನರನ ಕಾರು ನಿಲ್ಲಿಸುವುದಕ್ಕೆ ನೆರಳು ಬೇಕೆಂದು ಸೇರಿಸಿದ್ದು ಆ ಪೋರ್ಟಿಕೊ. ಅರಮನೆಯ ಮುಖವನ್ನೇ ಒಂದು ಕಾರಿಗಾಗಿ ಬದಲಿಸಿದವರನ್ನು ನೋಡಿ ಮಕ್ಕಳು ನಗುತ್ತಾರೆ. ನಾವೂ ಕಮ್ಮಿಯೇನಲ್ಲ. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಅದೇ ಅರಮನೆಯಲ್ಲಿ ಜಿಲ್ಲಾಡಳಿತದ ಕಚೇರಿಗಳು ನಡೆದವು, ಅರಸನ ಅಂಗಳದಲ್ಲಿ ಜನ ಪಹಣಿಗೆ ಸಾಲು ನಿಂತರು. ಕಟ್ಟಡದ ದುರಸ್ತಿಯ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಒಳಕೋಣೆಗಳ ಬಾಗಿಲು ಹಾಕಿದ್ದರೆ ಬೇಸರಪಡಬೇಡಿ, ಅಂಗಳದಿಂದ ನೋಡಿದರೂ ನೋಡುವುದು ಬೇಕಾದಷ್ಟಿದೆ.

ಆನೆಗಳ ವಿಷಯ. ಅಂಗಳದ ಮೂಲೆಯ ಆ ಎರಡು ಗಾರೆಯ ಆನೆಗಳ ಬಗ್ಗೆ ಗೈಡುಗಳು ಹೇಳುವ ಕಥೆ ಇದೆ: ದಿನಾ ಬೆಳಗ್ಗೆ ಬಂದು ಅರಸನಿಗೆ ನಮಸ್ಕರಿಸುತ್ತಿದ್ದ ಆನೆಗಳು ಒಂದು ದಿನ ತಡಮಾಡಿದವಂತೆ, ಅರಸ ಕೊಲ್ಲಿಸಿದನಂತೆ, ಆಮೇಲೆ ಪಶ್ಚಾತ್ತಾಪದಿಂದ ಗಾರೆಯಲ್ಲಿ ಮಾಡಿಸಿದನಂತೆ. ‘ಅಂತೆ’ಯನ್ನು ಬಿಡದೆ ಹೇಳಿ. ಸೋತ ಅರಸನ ಕುರಿತು ಗೆದ್ದವರ ಕಾಲದಲ್ಲಿ ಇಂಥ ಕಥೆಗಳು ಹೇಗೆ ಬೆಳೆಯುತ್ತವೆ ಎಂದು ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಚರ್ಚಿಸಬಹುದು, ಆನೆಯ ಬೆನ್ನೇರಿ ಕೂರುವುದಕ್ಕಿಂತ ಅದು ಒಳ್ಳೆಯದು. ಬೆನ್ನೇರಲಂತೂ ಬಿಡಬೇಡಿ.

ಆವರಣದಲ್ಲಿ ಚರ್ಚು ಕಂಡರೆ ಅದೇ ಮ್ಯೂಸಿಯಂ. ಅಲ್ಲಿ ಮೊದಲು ವೀರಭದ್ರನ ಗುಡಿಯಿತ್ತು. ಅದನ್ನು ಕೆಡವಿ 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಪ್ರಾರ್ಥನೆ ನಿಂತುಹೋದ ಮೇಲೆ ಕಟ್ಟಡ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಾಯಿತು. ಒಂದೇ ನೆಲ ಮೂರು ವೇಷ ತೊಟ್ಟದ್ದನ್ನು ನಾಲ್ಕು ಗೋಡೆಯೊಳಗೆ ನಿಂತು ಕಾಣಬಹುದಾದ ಜಾಗ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಒಳಗೆ ಜೈನ ತೀರ್ಥಂಕರರ ಶಿಲ್ಪಗಳಿವೆ, ಹಳೆಯ ಕತ್ತಿ ಕೋವಿಗಳಿವೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಭಾವಚಿತ್ರವಿದೆ. ಹುಡುಗರು ಕೋವಿಯ ಮುಂದೆ ನಿಂತರೆ ಕದಲುವುದಿಲ್ಲ. ಸೈನ್ಯದ ಮೇಲೆ ಅಷ್ಟು ಆಸಕ್ತಿ ಇರುವವರಿಗೆ ಊರಿನಲ್ಲೇ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಇದೆ, 2021ರಿಂದ ಮ್ಯೂಸಿಯಂ ಆಗಿದೆ. ತೆರೆದಿರುವ ದಿನ, ಹೊತ್ತು ಎರಡನ್ನೂ ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಮಕ್ಕಳನ್ನು ಬೀಗದ ಮುಂದೆ ನಿಲ್ಲಿಸುವ ಅವಸ್ಥೆ ಬೇಡ.

ಸುಳ್ಯ, ಬೆಳ್ಳಾರೆಗಳ ಕಥೆಯನ್ನು ಆ ಗಾಜಿನ ಕಪಾಟುಗಳು ಹೇಳಲಿ ಎಂದು ಮಾತ್ರ ಕಾಯಬೇಡಿ. ಅದನ್ನು ನೀವೇ ಹೇಳಬೇಕು, ಹೇಳುವ ಜಾಗ ಕೋಟೆಯ ಆವರಣ. ಬಂಡಾಯದ ಮುಂದಾಳುಗಳಲ್ಲಿ ಒಬ್ಬರಾದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇಲ್ಲೇ, ಎಲ್ಲರ ಕಣ್ಣೆದುರು. ನೋಡಿದವರು ಮತ್ತೆಂದೂ ತಲೆ ಎತ್ತಬಾರದು ಎಂಬುದೇ ಅದರ ಉದ್ದೇಶ. ಬಂಡಾಯದ ಇನ್ನೊಬ್ಬ ಮುಂದಾಳು ಕಲ್ಯಾಣಸ್ವಾಮಿಯನ್ನು ಅದೇ ವರ್ಷದ ಜೂನಿನಲ್ಲಿ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಆ ಹೆಸರನ್ನು ಹೊತ್ತವರು ಒಬ್ಬರಿಗಿಂತ ಹೆಚ್ಚು. ನಿಜವಾದ ಕಲ್ಯಾಣಸ್ವಾಮಿ ಸೆರೆಸಿಕ್ಕ ಮೇಲೆ ಪುಟ್ಟಬಸಪ್ಪನೆಂಬ ರೈತ ಆ ಹೆಸರಿನಲ್ಲಿ ಮುಂದೆ ಬಂದ ಎನ್ನುತ್ತಾರೆ ಚರಿತ್ರೆ ಬರೆದವರು. ನಮ್ಮ ಪಠ್ಯದಲ್ಲಿ ಪುಟ್ಟಬಸಪ್ಪನ ಹೆಸರು ಬರುವುದು ಇದಕ್ಕೇ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಭಾಷಣಕ್ಕೆ ನಿಂತರೆ ಈ ಕಥೆಯನ್ನು ನಮ್ಮವರು, ಪರಂಗಿಗಳು ಎಂದು ಎರಡು ಪಾಲು ಮಾಡಿ ಮುಗಿಸಿಬಿಡುವುದು ಸುಲಭ. ನಡೆದದ್ದು ಅಷ್ಟು ಸಲೀಸಲ್ಲ. ಮಡಿಕೇರಿಯಲ್ಲಿದ್ದ ಸೂಪರಿಂಟೆಂಡೆಂಟ್ ಕ್ಯಾಪ್ಟನ್ ಲೀಹಾರ್ಡಿಯ ಬೆನ್ನಿಗೆ ಕೊಡಗಿನ ಎಷ್ಟೋ ಮುಖಂಡರು ನಿಂತರು. ಅವರಿಗೆಲ್ಲ ಕಂಪನಿ ಚಿನ್ನದ, ಬೆಳ್ಳಿಯ ಪದಕ ಮಾಡಿಸಿ ಕೊಟ್ಟಿತು. ಮೂರು ವರ್ಷ ಹಿಂದೆ ಕಂಪನಿಯ ಸೇನೆಯನ್ನು ಮಡಿಕೇರಿಗೆ ಕರೆತಂದವನೇ ಅರಸನ ದಿವಾನ ಅಪ್ಪರಂಡ ಬೋಪು. ಬಂಡೆದ್ದ ರೈತರು ಕೇಳಿದ್ದಾದರೂ ಯಾರನ್ನು? ಕ್ರೂರಿ ಎಂದು ಹೆಸರು ಪಡೆದ ಅರಸನ ವಂಶವನ್ನೇ ಮತ್ತೆ ಪಟ್ಟಕ್ಕೆ ತನ್ನಿ ಎಂದು. ಇನ್ನು ದಂಡು ಹಾದುಹೋದ ಊರುಗಳ ಹಿರಿಯರು ಇಡೀ ಘಟನೆಯನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಕರೆಯುತ್ತಿದ್ದರು, ಸುಲಿಗೆಯ ನೆನಪೂ ಅದರಲ್ಲಿ ಸೇರಿದೆ. ಒಂದು ಜಾತಿಯ, ಒಂದು ಪಕ್ಷದ ಸ್ವತ್ತಾಗಿ ಈ ಕಥೆಯನ್ನು ಎತ್ತಿಕೊಂಡು ಹೋಗುವವರು ಈಗ ಬೇಕಾದಷ್ಟು ಜನ ಇದ್ದಾರೆ. ಗೌಡರು, ಬಂಟರು, ಜೈನರು, ಬ್ರಾಹ್ಮಣರು, ಜಂಗಮರು, ಹೆಸರೇ ದಾಖಲಾಗದ ಒಕ್ಕಲುಗಳು, ಎಲ್ಲರೂ ಅದರಲ್ಲಿ ಇದ್ದರು. ನಂದಾವರದ ಬಂಗರಸನಿಗೂ ಗಲ್ಲೇ ಆದದ್ದು.

ಇಷ್ಟು ಜಟಿಲವಾದದ್ದನ್ನು ಮಕ್ಕಳಿಗೆ ಹೇಗೆ ಹೇಳುವುದು ಎಂದು ಕೇಳುವಿರಿ. ನಮ್ಮ ಮೂರು ತಾಲೂಕಿನಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇದೆ: ತಾಳಮದ್ದಳೆ. ಭಾಗವತರು ಬೇಡ, ಚೆಂಡೆ ಬೇಡ, ಕೋಟೆಯ ಅಂಗಳದ ಹುಲ್ಲಿನ ಮೇಲೆ ಎದುರುಬದುರು ಕೂತರೆ ಸಾಕು. ಒಬ್ಬಳು ರಾಮಯ್ಯ ಗೌಡರ ಅರ್ಥ ಹೇಳಲಿ, ಇನ್ನೊಬ್ಬ ಲೀಹಾರ್ಡಿಯದು, ಮತ್ತೊಬ್ಬಳು ಬೋಪುವಿನದು. ಬೋಪುವಿನ ಪಾತ್ರವನ್ನು ಮಾತಿನ ಚುರುಕಿರುವ ಮಗುವಿಗೇ ಕೊಡಿ, ಏಕೆಂದರೆ ಸಮರ್ಥಿಸಿಕೊಳ್ಳಲು ಅದೇ ಕಷ್ಟದ ಪಾತ್ರ. ಶಲ್ಯನ, ವಿಭೀಷಣನ ಅರ್ಥ ಕೇಳಿ ಬೆಳೆದ ಮಕ್ಕಳು ನಮ್ಮವು. ಪಕ್ಷ ಬದಲಿಸಿದವನಿಗೂ ಒಂದು ಮಾತಿರುತ್ತದೆ ಎಂದು ಅವಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. ಹೊರಡುವ ಹದಿನೈದು ದಿನ ಮೊದಲು ಗ್ರಂಥಾಲಯದಿಂದ ನಿರಂಜನರ ‘ಸ್ವಾಮಿ ಅಪರಂಪಾರ’, ‘ಕಲ್ಯಾಣಸ್ವಾಮಿ’ ಎರಡನ್ನೂ ತೆಗೆಸಿಡಿ. ಕಡಬದವರಿಗೆ ಇದರಲ್ಲಿ ವಿಶೇಷ ಹಕ್ಕಿದೆ: ನಿರಂಜನರು ಹುಟ್ಟಿದ ಕುಳ್ಕುಂದ ಈಗ ಅವರ ತಾಲೂಕಿನದು. ಸಂಪಾಜೆಯ ಎನ್. ಎಸ್. ದೇವಿಪ್ರಸಾದರು ಈ ಸಮರದ ಬಗ್ಗೆಯೇ ಬರೆದ ಪುಸ್ತಕವೂ ಇದೆ, ಅರ್ಥ ಹೇಳುವ ಮಕ್ಕಳಿಗೆ ಸಾಮಗ್ರಿ ಅದರಲ್ಲಿ ಸಿಗುತ್ತದೆ.

ಕೆಲವು ಶಾಲೆಗಳು ದಸರಾ ಹೊತ್ತಿಗೇ ಹೋಗುತ್ತವೆ. ಮಡಿಕೇರಿ ದಸರಾ ನಿಜಕ್ಕೂ ನೋಡುವಂಥದ್ದು. ನಾಲ್ಕು ಶಕ್ತಿದೇವತೆಗಳ ಕರಗ ಹೊರಟು ಊರು ಸುತ್ತುತ್ತವೆ, ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೆಳಗಿನವರೆಗೆ ಬೀದಿಯಲ್ಲಿ ಸಾಗುತ್ತವೆ. ಕೋಟೆ ಮಾರಿಯಮ್ಮ, ಕೋಟೆ ಗಣಪತಿ ಎಂದು ಕೋಟೆಯ ಹೆಸರಿನ ಎರಡು ಮಂಟಪ ಅದರಲ್ಲೇ ಇವೆ. ಮನೆಯವರ ಜೊತೆ ಹೋಗುವುದಿದ್ದರೆ ಖಂಡಿತ ಹೋಗಬೇಕು. ಅರವತ್ತು ಮಕ್ಕಳನ್ನು ಕಟ್ಟಿಕೊಂಡು ಆ ರಾತ್ರಿಯ ನೂಕುನುಗ್ಗಲಿಗೆ ಇಳಿಯುವುದು ನನ್ನ ಪ್ರಕಾರ ಹುಚ್ಚು. ತಲೆ ಎಣಿಸುವುದರಲ್ಲೇ ರಾತ್ರಿ ಕಳೆಯುತ್ತದೆ, ಮಂಟಪ ಯಾವುದೂ ನೋಡಸಿಗುವುದಿಲ್ಲ.

ಹಾಗಾದರೆ ಯಾವಾಗ? ಮಾರ್ಚ್ 30 ಬೆಳ್ಳಾರೆಗೆ ಸರಿಯಾದ ದಿನ, ಆದರೆ ಅದು ಪರೀಕ್ಷೆಯ ಕಾಲ, ಹತ್ತನೆಯವರ ಹೆತ್ತವರು ನಿಮ್ಮನ್ನು ಜೀವಸಹಿತ ಬಿಡಲಿಕ್ಕಿಲ್ಲ. ಅಕ್ಟೋಬರ್ 31 ಆಗಬಹುದು. ಅಪ್ಪಯ್ಯ ಗೌಡರ ಸ್ಮರಣೆ ಆ ದಿನ ಮಡಿಕೇರಿಯಲ್ಲಿ ನಡೆಯುತ್ತದೆ, ಮಳೆ ಹಿಂದೆ ಸರಿದಿರುತ್ತದೆ, ಮರುದಿನ ರಾಜ್ಯೋತ್ಸವವಾದ್ದರಿಂದ ಮಕ್ಕಳು ಧ್ವಜವಂದನೆಗೆ ಬಂದು ಮನೆಗೆ ಹೋಗಿ ಮಲಗಬಹುದು. ಒಂದೇ ತೊಡಕು, ಬಿಇಒ ಕಚೇರಿಯ ಅನುಮತಿಗೂ ಕೆಎಸ್‌ಆರ್‌ಟಿಸಿ ಬಸ್ಸಿಗೂ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಬಸ್ಸಿನ ದುಡ್ಡು ಹೊಂದದ ಸಣ್ಣ ಶಾಲೆಗಳು ಎರಡೆರಡು ಸೇರಿ ಒಂದು ಬಸ್ಸು ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ತಾಳಮದ್ದಳೆಗೂ ಎರಡು ಪಕ್ಷ ಸಿಕ್ಕಂತಾಯಿತು. ಅದಕ್ಕೂ ಆಗದವರು ಬೆಳ್ಳಾರೆಯವರೆಗೆ ಲೈನ್ ಬಸ್ಸಿನಲ್ಲಿ ಹೋಗಿ ಬಂದರೂ ಅರ್ಧ ಪ್ರವಾಸ ಆದ ಹಾಗೆಯೇ. ತಿಂಡಿ ಅಲ್ಲೇ ಮಾಡಿಸುವುದಾದರೆ ಹೋಟೆಲಿಗೆ ಹಿಂದಿನ ದಿನವೇ ಹೇಳಿಡಿ. ಹೇಳದೆ ಬೆಳಗ್ಗೆ ಏಳಕ್ಕೆ ಅರವತ್ತು ಮಕ್ಕಳು ಬಂದಿಳಿದರೆ ಬನ್ಸು ಇಪ್ಪತ್ತು ಜನರಿಗೂ ಸಾಲದು.

ಇತಿ ನಿಮ್ಮವ,
ಪುತ್ತೂರಿನ ಒಬ್ಬ ನಿವೃತ್ತ ಚರಿತ್ರೆ ಮಾಷ್ಟ್ರು